ಅರ್ಧ ದಾರಿಗೆ ಹೊರಳಿಸಿದ ಅಕ್ಕೋರು

ಖಾನಾಪುರದಲ್ಲಿ ಈಗಲೂ ನನ್ನ ಬಗ್ಗೆ ಒಂದು ಮಾತು ಓಡಾಡುತ್ತಿದೆ. ನಮ್ಮ ಡ್ರಿಲ್ ಅಕ್ಕೋರು ತೀರಿಕೊಂಡಾಗ ನಾನು ಮಣ್ಣಿಗೆಂದು ಬೆಳಗಾವಿಯಿಂದ ಬಂದವಳು ಅರ್ಧ ದಾರಿಗೇ ಹೊರಳಿ ಹೋದೆನಂತೆ. ಅವರಿಂದ ಅಷ್ಟೆಲ್ಲ ಉಪಕಾರ ಮಾಡಿಸಿಕೊಂಡವಳಿಗೆ ಒಂದು ಹಿಡಿ ಮಣ್ಣು ಹಾಕುವಷ್ಟೂ ಕೃತಜ್ಞತೆ ಇರಲಿಲ್ಲವಂತೆ. ಹೊರಳಿ ಹೋದದ್ದು ನಿಜ. ಕೃತಜ್ಞತೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ತಲೆ ತಗ್ಗಿಸಿ ಸಮಜಾಯಿಷಿ ಕೊಡುವ ಜಾಯಮಾನವೂ ನನ್ನದಲ್ಲ. ಆದರೆ ಅವರು ಎಂಥವರಾಗಿದ್ದರು ಎಂದು ಹೇಳಿದರೆ ನಾನು ಯಾಕೆ ಹೊರಳಿದೆ ಎಂಬುದು ತಾನಾಗಿ ತಿಳಿದೀತು.

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಖಾನಾಪುರದಲ್ಲಿ ನಾನು ಓದಿದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡದ ಅಕ್ಕೋರಿದ್ದರು, ಗಣಿತದ ಅಕ್ಕೋರಿದ್ದರು, ಆದರೆ ಎದೆ ಡವಗುಟ್ಟುತ್ತಿದ್ದದ್ದು ಡ್ರಿಲ್ ಅಕ್ಕೋರು ಬಂದಾಗ. ಸೊಂಟಕ್ಕೆ ಬಿಗಿದು ಸಿಕ್ಕಿಸಿದ ಸೆರಗು, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಕೊರಳಲ್ಲಿ ಲಿಂಗದ ಶಿವದಾರ ಒಂದು, ಸೀಟಿಯ ದಾರ ಒಂದು. ಎರಡೂ ಒಂದಕ್ಕೊಂದು ಸಿಕ್ಕು ಬೀಳುತ್ತಿದ್ದವು, ಅವರು ಬೈದುಕೊಳ್ಳುತ್ತ ಬಿಡಿಸಿಕೊಳ್ಳುತ್ತಿದ್ದರು. ಮನೆಮಾತು ಕನ್ನಡ, ಬಾಡಿಗೆಗಿದ್ದ ಮನೆಯವರ ಜೊತೆ ಮರಾಠಿ, ಡ್ರಿಲ್ಲಿನ ಹುಕುಮುಗಳು ಮಾತ್ರ ಹಿಂದಿಯಲ್ಲಿ. ಸಾವಧಾನ್ ಎಂದರೆ ನೆಟ್ಟಗೆ ನಿಲ್ಲಬೇಕು, ವಿಶ್ರಾಮ್ ಎಂದರೆ ಮೈ ಸಡಿಲ ಬಿಡಬೇಕು, ಪೀಛೇ ಮುಡ್ ಎಂದರೆ ಹಿಂದಕ್ಕೆ ಹೊರಳಬೇಕು. ಅವರ ಬಾಯಲ್ಲಿ ವಿಶ್ರಾಮ್ ಎಂಬ ಶಬ್ದ ಕೇಳುವುದು ಅಪರೂಪವಾಗಿತ್ತು.

ಯಾವ ಹುಡುಗಿಯಾದರೂ ಹೊಟ್ಟೆ ಹಿಡಿದುಕೊಂಡು ನಿಂತಳೋ, "ಹೊಟ್ಟಿ ನೋವು ಹೌದಿಲ್ಲೋ? ಒಂದು ರೌಂಡ್ ಹೆಚ್ಚಿಗಿ ಓಡು, ತಾನ ಹೋಗತೈತಿ" ಎನ್ನುತ್ತಿದ್ದರು. ನಾನು ಅಂಥ ಹೆಚ್ಚಿಗಿ ರೌಂಡ್ ಎಷ್ಟು ಓಡಿದ್ದೇನೋ ದೇವರಿಗೇ ಗೊತ್ತು.

ಮದುವೆಯಾಗಿ ನಾನು ಬೆಳಗಾವಿಗೆ ಬಂದೆ. ರವಿವಾರ ಪೇಟೆಯಲ್ಲಿ ನಮ್ಮದು ಬೆಲ್ಲ, ಕಾಳುಕಡಿಯ ಸಗಟು ಅಂಗಡಿ. ಗಂಡ ತೀರಿಕೊಂಡ ಮೇಲೆ ಪೇಟೆಯ ಮಂದಿ ಏನೇನೋ ಆಡಿಕೊಂಡರು, ನಾನು ಹೋಗಿ ಯಜಮಾನರು ಕೂರುವ ಗಾದಿಯ ಮೇಲೆ ಕುಳಿತೇಬಿಟ್ಟೆ. ಮೊದಲು ನನ್ನನ್ನು ಕಂಡು ನಗುತ್ತಿದ್ದ ವ್ಯಾಪಾರಸ್ಥರು ಆಮೇಲೆ ನನ್ನ ಕಣ್ಣು ತಪ್ಪಿಸಿ ಹೋಗುವಷ್ಟು ವ್ಯವಹಾರ ಕಲಿತೆ. ಹಾಗಿರುವಾಗ ಕೊರೋನಾ ಬಂತು. ಮನೆಯವರಿಗೆಲ್ಲ ಬಂತು, ಎಲ್ಲರೂ ಎದ್ದರು. ನಾನೂ ಎದ್ದೆ, ಆದರೆ ಎದ್ದದ್ದು ಹೆಸರಿಗೆ ಮಾತ್ರ.

ಜ್ವರ ಹೋಗಿ ತಿಂಗಳುಗಳಾದರೂ ದಣಿವು ಹೋಗಲಿಲ್ಲ. ಸ್ನಾನ ಮಾಡಿದರೆ ಮಲಗಬೇಕು. ತಲೆ ಬಾಚಲು ಎತ್ತಿದ ಕೈ ಅರ್ಧಕ್ಕೇ ಬೀಳುತ್ತಿತ್ತು. ರಕ್ತ ಕೊಟ್ಟೆ, ಎದೆಯ ಫೋಟೋ ತೆಗೆಸಿದೆ, ಎಲ್ಲ ನಾರ್ಮಲ್. ಆ ನಾರ್ಮಲ್ ಎಂಬ ಶಬ್ದವೇ ನನಗೆ ಮುಳುವಾಯಿತು. ರಿಪೋರ್ಟು ಸರಿಯಿದೆ ಎಂದ ಮೇಲೆ ಸರಿಯಿಲ್ಲದವಳು ನಾನೇ ಎಂದಾಯಿತಲ್ಲ.

ನನ್ನ ಮೈದುನ ಈರಣ್ಣ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅವನ ಮೇಲೆ ಸಿಟ್ಟು ಬರುವುದು ಇದ್ದೇ ಇದೆ. "ವೈನಿ, ಮಲಗಿದಷ್ಟೂ ಮೈ ಭಾರ ಆಗತೈತ್ರಿ. ದಿನಾ ಮುಂಜಾನಿ ಕೋಟಿ ಕೆರಿ ಸುತ್ತ ಜೋರಾಗಿ ಅಡ್ಡಾಡ್ರಿ, ಬೆವರು ಹೋಗಲಿ" ಎಂದ. ಅಡ್ಡಾಡಿದೆ. ಹಲ್ಲು ಕಚ್ಚಿ ಅಡ್ಡಾಡಿದೆ. ಆ ವಾರವಿಡೀ ಹಾಸಿಗೆಯಿಂದ ಏಳಲಾಗಲಿಲ್ಲ. ಆಗ ಅವನು ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ: "ದೀಪಾವಳಿ ಪೂಜಾದಾಗ ಗಾದಿ ಮ್ಯಾಲ ನೀವ ಕುಂತ್ರ ಛಲೋ. ಆಗಲಿಲ್ಲಂದ್ರ ನಾ ಕುಂದರತೀನ್ರಿ. ಅಂಗಡಿ ನಡೀಬೇಕಲ್ಲ."

ನಮ್ಮ ಪೇಟೆಯಲ್ಲಿ ಇದರ ಅರ್ಥ ಎಲ್ಲರಿಗೂ ಗೊತ್ತು. ಲಕ್ಷ್ಮೀಪೂಜೆಯ ದಿನ ಗಾದಿಯ ಮೇಲೆ ಯಾರು ಕುಳಿತರೋ ಅಲ್ಲಿಂದ ಮುಂದೆ ಪೇಟೆ ಅವರ ಮುಖ ನೋಡಿ ಮಾತಾಡುತ್ತದೆ. ಒಮ್ಮೆ ಎದ್ದುಕೊಟ್ಟ ಜಾಗ ಹೆಂಗಸಿಗೆ ಮತ್ತೆ ಸಿಗುವುದಿಲ್ಲ. ವಿಶ್ರಾಂತಿಗೆಂದು ಖಾನಾಪುರಕ್ಕೆ, ಅಣ್ಣನ ಮನೆಗೆ ಹೋದವಳ ತಲೆಯಲ್ಲಿ ಇದೊಂದೇ ಕೊರೆಯುತ್ತಿತ್ತು.

ಅಲ್ಲಿ ಒಂದು ಮುಂಜಾನೆ ನಾನು ಕಿಟಕಿಯ ಹತ್ತಿರ ಮಲಗಿದ್ದಾಗ ಯಾರೋ ಹೇಳದೆ ಕೇಳದೆ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. ನೋಡಿದರೆ ಡ್ರಿಲ್ ಅಕ್ಕೋರು. ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಮೈ ಇಳಿದು ಹೋಗಿತ್ತು, ಬೂಟು ಅದೇ ಬಿಳಿ ಬೂಟು, ಕೊರಳಲ್ಲಿ ಸೀಟಿಯೂ ಹಾಗೇ ಇತ್ತು. ನಾನು ಎದ್ದು ಹೊರಗೆ ಬಂದೆ. ಅವರು ಆರಾಮ ಇದ್ದೀಯಾ ಎಂದು ಕೇಳಲಿಲ್ಲ.

"ಏ ಗಿರಿಜಾ, ಹಲ್ಲು ತಿಕ್ಕಿದ ಮ್ಯಾಲ ಮಲಗತಿ?" ಎಂದರು.

ಅಷ್ಟು ದಿನದಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. ನನಗೆ ಅಳು ಒತ್ತರಿಸಿ ಬಂತು. "ಹೌದ್ರಿ ಅಕ್ಕೋರ" ಎಂದೆ.

"ನಾನೂ ಮಲಗತಿದ್ದೆ. ಅಳಬ್ಯಾಡ, ಅಳೂದಕ್ಕೂ ದಣಿವು ಆಗತೈತಿ."

ಅವರಿಗೂ ಅದೇ ಜ್ವರ ಬಂದು, ಅದೇ ದಣಿವು ಉಳಿದಿತ್ತು. ಬೆಳಗಾವಿಯ ಡಾಕ್ಟರರು, ದಣಿಯುವ ಮೊದಲೇ ನಿಲ್ಲಿ, ಸ್ವಲ್ಪ ಸ್ವಲ್ಪವೇ ನಡೆಯಿರಿ, ಮೈ ಒಪ್ಪಿದರೆ ಮಾತ್ರ ಹೆಚ್ಚಿಸಿ ಎಂದು ಹೇಳಿ ಕಳಿಸಿದ್ದರಂತೆ. ಇವರು ಕೇಳುತ್ತಾರೆಯೇ? ಖಾನಾಪುರಕ್ಕೆ ಬಂದವರೇ ತಮ್ಮ ಹಳೇ ಶಾಲೆಯ ಮೈದಾನಕ್ಕೆ ಹೋಗಿ ಸುತ್ತು ಹಾಕಿದರು. ಕಾಲು ಸೋತಾಗ ತಮಗೆ ತಾವೇ ಒಂದು ರೌಂಡ್ ಹೆಚ್ಚಿಗಿ ಓಡಿಸಿದರು. ಆ ಮಳೆಗಾಲವೆಲ್ಲ ಹಾಸಿಗೆ ಹಿಡಿದರು, ಬಾಡಿಗೆ ಮನೆಯ ಒಡತಿ, ಎಲ್ಲರೂ ವಹಿನಿ ಎನ್ನುವ ಮರಾಠಿ ಹೆಂಗಸು, ಬಾಯಿಗೆ ಅನ್ನ ಇಡುತ್ತಿದ್ದರಂತೆ.

"ಡಾಕ್ಟರ ಖರೇನ ಹೇಳಿದ್ರು" ಎಂದರು ಅಕ್ಕೋರು. "ನಾನ ಕೇಳಲಿಲ್ಲ. ಜೀವನಾ ಪೂರ್ತಿ ಓಡು ಓಡು ಅಂದಾಕಿಗೆ ನಿಲ್ಲು ಅಂದ್ರ ಹೆಂಗ ತಿಳೀಬೇಕು?" ಆಮೇಲೆ ಬೂಟಿನ ಲೇಸು ಎಳೆದುಕೊಳ್ಳುತ್ತ ಹೇಳಿದರು: "ಆ ಹುಡುಗ್ಯಾರಿಗೆ ಹೊಟ್ಟಿ ನೋವು ಖರೇನ ಇರತಿತ್ತೇನೋ."

ಮರುದಿನದಿಂದ ನನ್ನ ಡ್ರಿಲ್ ಶುರುವಾಯಿತು. ಬಾಗಿಲಿಂದ ಬೀದಿಯ ನಳದವರೆಗೆ, ಅಷ್ಟೇ. ನಳ ಮುಟ್ಟಿದೆ. ಆ ದಿನ ಮೈ ಹಗುರವಾಗಿತ್ತು, ಮೂಲೆಯ ಪಾನ್ ಅಂಗಡಿಯವರೆಗೆ ಹೋಗೋಣವೆಂದು ಹೆಜ್ಜೆ ಎತ್ತಿದೆ. ಹಿಂದಿನಿಂದ ಸೀಟಿ ಬಂತು.

"ಪೀಛೇ ಮುಡ್!"

ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದರು. ಐವತ್ತರ ಹತ್ತಿರ ಬಂದ ಸಾವ್ಕಾರ್ತಿ ನಾನು, ಶಾಲೆಯ ಹುಡುಗಿಯ ಹಾಗೆ ನಡುಬೀದಿಯಲ್ಲಿ ನಿಂತಿದ್ದೆ. ಸಿಟ್ಟು ಬಂತು. "ನನಗ ಇನ್ನೂ ಆಗತೈತ್ರಿ ಅಕ್ಕೋರ!"

"ಆಗತೈತಿ ಅನ್ನೂವಾಗನ ಹೊರಳಬೇಕು. ಆಗೂದಿಲ್ಲ ಅನ್ನೂ ತನಕ ಹೋದ್ರ ನಿನ್ನ ಹೊತ್ಕೊಂಡು ಬರಾಕ ನನಗ ಆಗತೈತೇನ?"

ನಾನು ಹೊರಳಿದೆ. ಚಲೋ ನಡೆದೆನೋ ಇಲ್ಲವೋ ಎಂದು ಕೇಳಿದರೆ ಅವರು ಅವತ್ತು ಉತ್ತರ ಕೊಡುತ್ತಿರಲಿಲ್ಲ. "ಅದನ್ನ ನಾಳೆ ಮುಂಜಾನಿ ಹೇಳತೈತಿ. ಎದ್ದು ಕುಂದರಾಕ ಬಂದ್ರ ಪಾಸ್" ಎನ್ನುವರು. ನಪಾಸಾದ ದಿನ ಬೈಯುತ್ತಿರಲಿಲ್ಲ, ನಡೆಸುತ್ತಲೂ ಇರಲಿಲ್ಲ. ಕಟ್ಟೆಯ ಮೇಲೆ ಕುಳಿತು ಊರ ಸುದ್ದಿ ಹೇಳಿ ಎದ್ದು ಹೋಗುತ್ತಿದ್ದರು.

ನಮ್ಮ ಜೊತೆಗೆ ಇನ್ನೊಬ್ಬರಿದ್ದರು, ದಸ್ತಗೀರ ಚಾಚಾ. ಜಾಂಬೋಟಿ ಘಟ್ಟದಲ್ಲಿ ಆಯುಷ್ಯವೆಲ್ಲ ಬಸ್ ಓಡಿಸಿದವರು. ಜ್ವರ ಬಂದು ಹೋದ ಮೇಲೆ ಮಸೀದಿಯ ಮೆಟ್ಟಿಲು ಹತ್ತಲಾರದೆ ಮನೆಯಲ್ಲೇ ನಮಾಜು ಮಾಡುತ್ತಿದ್ದರು. ನಡೆಯುವುದಕ್ಕಿಂತ ಅವರಿಗೂ ನನಗೂ ಕಷ್ಟವಾದದ್ದು ಕುಳಿತುಕೊಳ್ಳುವುದು. ಅಕ್ಕೋರ ಪದ್ಧತಿಯೇ ಅದು. ಕಟ್ಟೆಯಿಂದ ಕಟ್ಟೆಗೆ ನಡೆಯಬೇಕು, ಕಟ್ಟೆ ಕಂಡಲ್ಲಿ ಕುಳಿತುಕೊಳ್ಳಬೇಕು, ಕಟ್ಟೆ ಇಲ್ಲದಿದ್ದರೆ ಹೋಟೆಲಿನ ಪಾವಟಿಗೆ, ಅಂದರೆ ಮೆಟ್ಟಿಲಾದರೂ ಸರಿ, ಗಟಾರದ ಹಾಸುಗಲ್ಲಾದರೂ ಸರಿ. ಕುಳಿತಾಗ ಯಾರಾದರೂ ಚಹಾಕ್ಕೆ ಒಳಗೆ ಕರೆದರೆ ಹೋಗಬಾರದು. ಒಳಗೆ ಹೋದರೆ ಮಾತು, ಮಾತಿಗೆ ಮಾತು, ಅಲ್ಲಿಗೆ ಆ ದಿನದ ಶಕ್ತಿ ಮುಗಿಯಿತು. ನಮ್ಮೂರಲ್ಲಿ ಚಹಾ ಒಲ್ಲೆ ಎನ್ನುವುದು ಜಗಳಕ್ಕೆ ಕರೆದ ಹಾಗೆ. ಅಕ್ಕೋರು ಎಲ್ಲರ ಮನೆಯ ಮುಂದೂ ಕನ್ನಡದಲ್ಲಿ, ಮರಾಠಿಯಲ್ಲಿ ಒಲ್ಲೆ ಎಂದು ಹೇಳಿ ನಿಷ್ಠುರ ಕಟ್ಟಿಕೊಂಡರು.

ನಾನು ಮೊದಲ ಸಲ ಪೇಟೆಯ ಹೋಟೆಲಿನ ಪಾವಟಿಗೆಯ ಮುಂದೆ ನಿಂತು ಹಿಂದೆಮುಂದೆ ನೋಡಿದಾಗ ಅವರು ಗದರಿದರು. "ಬೀಳಾಕ ನಾಚಿಕಿ ಇಲ್ಲ, ಕುಂದರಾಕ ನಾಚಿಕಿ ಅಂತ! ಕುಂದರ ಮೊದಲ."

ಕುಳಿತೆ. ಅತ್ತ ಹೊರಟಿದ್ದ ಒಬ್ಬ ಮೋಟರ್ ಸೈಕಲ್ ನಿಲ್ಲಿಸಿ ನಕ್ಕ. "ಏನ್ರಿ ಅಕ್ಕೋರ, ಇಷ್ಟ ಲಗೂ ದಣಿದ್ರಿ?"

"ದಣಿದಿಲ್ಲಪಾ, ದಣೀಬಾರದಂತ ಕುಂತೀವಿ. ಜಾಗಾ ಐತಿ, ನೀನೂ ಬಾ."

ಅವನು ಗಾಡಿ ಎತ್ತಿಕೊಂಡು ಹೋದ. ಚಾಚಾ ಗಡ್ಡ ಸವರಿಕೊಂಡು, "ನಮ್ಮ ಬಸ್ಸಿಗೆ ಹಳ್ಳಿಗೊಂದು ಸ್ಟಾಪ್ ಇತ್ತು ಬೇಟಾ, ಯಾರೂ ನಗಲಿಲ್ಲ. ಮನಷಾಗ ಇದ್ರ ನಗತಾರ" ಎಂದರು. ಅವತ್ತಿನಿಂದ ನನಗೂ ನಾಚಿಕೆ ಹೋಯಿತು.

ಹೀಗೆ ನಳದಿಂದ ಪಾನ್ ಅಂಗಡಿ, ಪಾನ್ ಅಂಗಡಿಯಿಂದ ಜಾಂಬೋಟಿ ರಸ್ತೆಗೆ ಹೊರಳಿ, ಕೆಲವು ವಾರಗಳಲ್ಲಿ ಮುಚ್ಚಿಹೋದ ಹಂಚಿನ ಭಟ್ಟಿಯವರೆಗೆ ಬಂದೆವು. ಭಟ್ಟಿಯ ಮುಂದೆ ಹುಣಸೆಮರವಿದೆ, ಒಡೆದ ಹಂಚಿನ ರಾಶಿಯಿದೆ. ಅಲ್ಲಿ ಕುಳಿತು ಹೊರಳುವುದು. ಅದರಾಚೆಗೆ ಹೋಗಲು ಅವರು ಒಂದು ದಿನವೂ ಬಿಡಲಿಲ್ಲ.

ಅಕ್ಕೋರು ಸಾಧ್ವಿಯೇನೂ ಆಗಿರಲಿಲ್ಲ. ಬೇರೆ ಯಾರಾದರೂ ಕೊಟ್ಟ ಸಲಹೆಯನ್ನು ನಾವು ಹೊಗಳಿದರೆ ಮೂಗು ಮುರಿಯುತ್ತಿದ್ದರು. ಚಾಚಾ ಒಮ್ಮೆ ಮೊಮ್ಮಗಳ ಮದುವೆಯಲ್ಲಿ ಇಡೀ ದಿನ ಓಡಾಡಿ ಮಲಗಿಬಿಟ್ಟಾಗ ಎಷ್ಟೋ ದಿನ ಅವರ ಜೊತೆ ಮಾತು ಬಿಟ್ಟಿದ್ದರು. ಅಯ್ಯೋ ಪಾಪ ಎಂದವರ ಮೇಲಂತೂ ಹರಿಹಾಯುತ್ತಿದ್ದರು.

ದೀಪಾವಳಿಗೆ ಕೆಲವೇ ದಿನ ಮೊದಲು ನಾನು ಬೆಳಗಾವಿಗೆ ಮರಳಿದೆ. ಮೈ ಚೆನ್ನಾಗಿದೆ ಎನ್ನಿಸಿತ್ತು. ಆ ಹುರುಪಿನಲ್ಲಿ ಅಂಗಡಿಗೆ ಹೋದವಳು ಹಬ್ಬದ ಗಿರಾಕಿಗಳ ನಡುವೆ ಹಮಾಲರನ್ನು ಕೂಗುತ್ತ, ಬೆಲ್ಲದ ಪೆಂಟೆಗಳನ್ನು ಸಾಗಿಸುತ್ತ ಸಂಜೆಯವರೆಗೆ ನಿಂತೇ ಇದ್ದೆ. ಗಟ್ಟಿಯಾಗಿದ್ದೇನೆಂದು ಈರಣ್ಣನ ಮುಂದೆ ತೋರಿಸಿಕೊಳ್ಳಬೇಕಿತ್ತು, ಅದೇ ನಿಜ. ಮರುದಿನ ಮುಂಜಾನೆ ತಲೆ ದಿಂಬಿನಿಂದ ಏಳಲಿಲ್ಲ. ಅದರ ಮರುದಿನವೂ ಇಲ್ಲ.

"ಆ ಮುದುಕಿ ನಿಮ್ಮನ್ನ ಕುಂದರಿಸಿ ಕುಂದರಿಸಿ ಹಾಳು ಮಾಡ್ಯಾಳ್ರಿ ವೈನಿ" ಎಂದ ಈರಣ್ಣ. ಪೂಜೆಗೆ ತಾನೇ ಕೂರುವುದೆಂದು ಪೇಟೆಯಲ್ಲಿ ಹೇಳಿಯೂ ಬಂದ. ನಾನು ಮಲಗಿದಲ್ಲಿಂದಲೇ ಅಕ್ಕೋರಿಗೆ ಫೋನ್ ಮಾಡಿ ಅತ್ತೆ. ಬೈಗುಳ ಬರುತ್ತದೆಂದುಕೊಂಡಿದ್ದೆ. "ಪೂಜಾ ಯಾವಾಗ ಐತಿ?" ಎಂದಷ್ಟೇ ಕೇಳಿ ಇಟ್ಟರು.

ಹಬ್ಬದ ಮುನ್ನಾದಿನ ಅವರು ಖಾನಾಪುರದ ಬಸ್ಸು ಹತ್ತಿ, ಸ್ಟ್ಯಾಂಡಿನಿಂದ ರಿಕ್ಷಾ ಹಿಡಿದು ನೇರ ರವಿವಾರ ಪೇಟೆಗೆ ಬಂದರು. ನಮ್ಮ ಅಂಗಡಿಯ ಪಾವಟಿಗೆಯ ಮೇಲೆ, ಚೀಲಗಳ ನಡುವೆ ಕುಳಿತರು. ಕೈಗಾಡಿಯೊಂದು ಬೂಟಿನ ಮೇಲೆ ಹಾಯುವಂತೆ ಬಂದಾಗ ಸೀಟಿ ಊದಿ ನಿಲ್ಲಿಸಿದರು. ಈ ಗದ್ದಲ ಕೇಳಿ ಅಂಗಡಿಯ ಮೇಲಿನ ಮನೆಯಲ್ಲಿ ಮಲಗಿದ್ದ ನಾನು ಕಿಟಕಿಗೆ ಬಂದೆ. ಕೆಳಗೆ ಈರಣ್ಣ ಕೈ ಕಟ್ಟಿ ನಿಂತಿದ್ದ.

"ನಾಳೆ ಗಾದಿ ಮ್ಯಾಲ ಗಿರಿಜಾ ಕುಂದರತಾಳು" ಎಂದರು ಅಕ್ಕೋರು. "ಪೂಜಾ ಆಗೂತನಕ ಅಷ್ಟ. ಆಮ್ಯಾಲ ಒಳಗ ಮಲಗತಾಳು. ಮುಂದೂ ದಿನಾ ಮುಂಜಾನಿ ಸ್ವಲ್ಪ ಹೊತ್ತು ಕುಂದರತಾಳು. ಮಧ್ಯಾಹ್ನದಿಂದ ನೀ ನೋಡ್ಕೋ."

"ಅರ್ಧಾ ದಿನ ಅಂಗಡಿ ನಡಸೂ ಸಾವ್ಕಾರ್ತಿನ್ನ ಈ ಪ್ಯಾಟ್ಯಾಗ ಯಾರ ನೋಡ್ಯಾರ್ರೀ?"

"ನೋಡಿಲ್ಲಂದ್ರ ಈಗ ನೋಡ್ಲಿ. ನೀ ಊಟಾ ಮಾಡಿ ಗಾದಿ ಮ್ಯಾಲ ಗೊರಕಿ ಹೊಡೀತಿ ಅಂತ ಈ ಹಮಾಲರು ಹೇಳಾಕತ್ತಾರ. ನಿನಗ ಯಾರಾದ್ರೂ ಎದ್ದು ಹೋಗು ಅಂದಾರೇನ?"

ಹಮಾಲರು ಮುಖ ತಿರುಗಿಸಿ ನಕ್ಕರು. ಈರಣ್ಣನ ಮುಖ ಕೆಂಪಾಯಿತು. "ಅಲ್ರೀ ಅಕ್ಕೋರ, ಅವರು ಆರಾಮ ಆಗತಾರಂತ ನೀವ ಖಾತ್ರಿ ಕೊಡತೀರೇನು?"

"ಇಲ್ಲಪಾ, ಕೊಡೂದಿಲ್ಲ" ಎಂದರು ಅಕ್ಕೋರು. ಅವರ ದನಿ ಇಳಿದಿತ್ತು. "ನಾನ ಪೂರಾ ಆರಾಮ ಆಗಿಲ್ಲ, ಅಕಿದೇನು ಖಾತ್ರಿ ಕೊಡ್ಲಿ? ಆದ್ರ ಜಡ್ಡ ಬಂದೈತಿ ಅಂತ ಜಾಗಾ ಬಿಡಂಗಿಲ್ಲ. ಅದು ಅಕಿ ಜಾಗಾ."

ಕಿಟಕಿಯ ಸರಳು ಹಿಡಿದು ನಿಂತ ನನಗೆ, ಆ ನಡುಪೇಟೆಯಲ್ಲಿ ನನ್ನ ಪರವಾಗಿ ಒಬ್ಬರು ಕುಳಿತಿದ್ದಾರೆ ಎಂಬುದೇ ಸಾಕಾಯಿತು. ಈರಣ್ಣ ಒಪ್ಪಿದೆ ಎನ್ನಲಿಲ್ಲ. ಒಳಗೆ ಹೋಗಿ ಅವರಿಗೆ ಚಹಾ ತಂದುಕೊಟ್ಟ. ಅವರು ಅವತ್ತು ಚಹಾ ಒಲ್ಲೆ ಎನ್ನಲಿಲ್ಲ.

ಮರುದಿನ ಸಂಜೆ ಇಳಕಲ್ ಸೀರೆಯುಟ್ಟು ಗಾದಿಯ ಮೇಲೆ ನಾನು ಕುಳಿತೆ. ಆಜುಬಾಜಿನ ಅಂಗಡಿಯವರೆಲ್ಲ ಬಂದು ನೋಡಿ ಹೋದರು. ಆರತಿ ಮುಗಿದು, ಪೂಜೆ ಮಾಡಿಸಲು ಬಂದ ಸ್ವಾಮಿಗಳು ಇನ್ನೂ ಗಂಟೆ ಕೆಳಗಿಟ್ಟಿರಲಿಲ್ಲ, ಮೂಲೆಯಲ್ಲಿ ಕುಳಿತಿದ್ದ ಅಕ್ಕೋರು ಸೀಟಿ ಊದಿ, "ವಿಶ್ರಾಮ್!" ಎಂದರು. ಸ್ವಾಮಿಗಳು ಬೆಚ್ಚಿಬಿದ್ದರು. ನಾನು ಎದ್ದು ಒಳಗೆ ಹೋಗಿ ಮಲಗಿಕೊಂಡೆ. ಅವತ್ತಿನಿಂದ ಪೇಟೆಯಲ್ಲಿ ನನಗೆ ಅರ್ಧಾ ದಿನದ ಸಾವ್ಕಾರ್ತಿ ಎಂದು ಹೆಸರು. ಕರೆಯಲಿ. ಗಾದಿ ನನ್ನದೇ ಇದೆ.

ಆಮೇಲಿನ ವರ್ಷಗಳಲ್ಲಿ ದಣಿವು ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಆಗಾಗ ಖಾನಾಪುರಕ್ಕೆ ಹೋಗಿ ಅವರ ಜೊತೆ ಭಟ್ಟಿಯವರೆಗೆ ನಡೆದು ಬರುತ್ತಿದ್ದೆ. ಈ ಸಲ ಮಳೆ ನಿಂತ ಮೇಲೆ ಬರುತ್ತೇನೆಂದು ಹೇಳಿದ್ದೆ. ಅದಕ್ಕೆ ಮೊದಲೇ ಫೋನ್ ಬಂತು. ಎದೆನೋವು ಬಂದು ಬೆಳಗಾಗುವುದರೊಳಗೆ ಅಕ್ಕೋರು ಹೋಗಿಬಿಟ್ಟಿದ್ದರು.

ಈರಣ್ಣನೇ ಕಾರಿನಲ್ಲಿ ಕರೆದುಕೊಂಡು ಹೋದ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಹೂವಿನ ವಿಮಾನದಲ್ಲಿ ಕೂರಿಸಿ ಒಯ್ಯುತ್ತೇವೆ. ಹಣೆತುಂಬ ವಿಭೂತಿ ಬಳಿದುಕೊಂಡು ಅಕ್ಕೋರು ಕುಳಿತಿದ್ದರು. ಕೊರಳಲ್ಲಿ ಶಿವದಾರವಿತ್ತು, ಸೀಟಿ ಇರಲಿಲ್ಲ. ಮನೆಯೊಡತಿ ವಹಿನಿ ಅದನ್ನು ಸೆರಗಿನಿಂದ ಬಿಚ್ಚಿ ನನ್ನ ಕೈಯಲ್ಲಿಟ್ಟರು. "ತೂ ಠೇವ" ಎಂದರು ಮರಾಠಿಯಲ್ಲಿ. ನೀನು ಇಟ್ಟುಕೋ ಎಂದು. ನಾನು ಅಲ್ಲಿಯೇ ಜೋರಾಗಿ ಅತ್ತೆ. ಅಳುವುದಕ್ಕೂ ದಣಿವಾಗುತ್ತದೆ ಎಂದು ಹೇಳುವವರು ಮಾತಾಡಲಿಲ್ಲ.

ಭಜನೆಯವರು ಮುಂದೆ, ವಿಮಾನ ನಡುವೆ, ನಾನೂ ದಸ್ತಗೀರ ಚಾಚಾನೂ ಹಿಂದೆ. ಮೆರವಣಿಗೆಗೆ ಕಟ್ಟೆಗಳಿರುವುದಿಲ್ಲ, ನಡೆಯುತ್ತಲೇ ಇರಬೇಕು. ಭಟ್ಟಿ ಬಂತು. ಅಲ್ಲಿಂದ ರುದ್ರಭೂಮಿಗೆ ಗದ್ದೆಯ ಬದುವಿನ ಮೇಲೆ ಹೋಗಬೇಕು, ಕಾರು ಹೋಗುವುದಿಲ್ಲ. ನನ್ನ ಕಿವಿಯಲ್ಲಿ ಗುಂಯ್ ಎನ್ನಲು ಶುರುವಾಗಿತ್ತು. ಆದರೂ ಕಾಲು ಎಳೆಯುತ್ತಿತ್ತು, ಇನ್ನೂ ಸ್ವಲ್ಪ ಆಗುತ್ತದೆ, ಇವತ್ತೊಂದು ದಿನ ಆಗಲಿ ಎನ್ನಿಸುತ್ತಿತ್ತು. ಅವರು ನನ್ನನ್ನು ಹಿಂದಿನಿಂದ ಕೂಗಿ ನಿಲ್ಲಿಸುತ್ತಿದ್ದದ್ದು ಸರಿಯಾಗಿ ಅಲ್ಲೇ. ನಾನು ಚಾಚಾನ ಮುಖ ನೋಡಿದೆ. ಚಾಚಾ ಗೋಣು ಹಾಕಿದರು.

ಸೀಟಿ ಬಾಯಿಗಿಟ್ಟು ಊದಿದೆ.

ಭಜನೆ ತಪ್ಪಿತು. ಮಂದಿಯೆಲ್ಲ ಹೊರಳಿ ನೋಡಿದರು. ಯಾರೋ ಒಬ್ಬ ಹಿರಿಯರು, "ಹುಚ್ಚು ಹಿಡದೈತೇನ ಈ ಹೆಣ್ಣಮಗಳಿಗೆ? ಮಣ್ಣು ಕೊಡೂದು ಬಿಟ್ಟು!" ಎಂದರು. ವಿಮಾನ ನಿಲ್ಲಲಿಲ್ಲ. ಅಕ್ಕೋರು ನೆಟ್ಟಗೆ ಕುಳಿತುಕೊಂಡೇ ಬದು ದಾಟಿದರು. ನಾವಿಬ್ಬರೂ ಒಡೆದ ಹಂಚಿನ ರಾಶಿಯ ಮೇಲೆ, ಎಲ್ಲರ ಕಣ್ಣೆದುರಿಗೆ ಕುಳಿತೆವು. ವಿಮಾನದ ಹೂವು ಕಾಣುವವರೆಗೆ ನೋಡಿ, ಎದ್ದು ಹೊರಳಿದೆವು.

ಈರಣ್ಣ ಗಾಜು ಏರಿಸಿಕೊಂಡೇ ಕಾರನ್ನು ಬೆಳಗಾವಿಗೆ ಓಡಿಸಿದ. ಅಷ್ಟು ಮಂದಿಯ ಮುಂದೆ ಅವನಿಗೆ ನಾಚಿಕೆಯಾಗಿತ್ತು.

ಮರುದಿನ ಮುಂಜಾನೆ ಎಚ್ಚರವಾದಾಗ ಮೊದಲು ತಲೆ ಎತ್ತಿ ನೋಡಿದೆ. ಎದ್ದಿತು. ಎದ್ದು ಕುಳಿತೆ, ಹಲ್ಲು ತಿಕ್ಕಿದೆ, ಮಲಗಲಿಲ್ಲ. ಸೀಟಿಯನ್ನು ಕೊರಳಿಗೆ ಹಾಕಿಕೊಂಡೆ, ಅದು ನನ್ನ ಶಿವದಾರಕ್ಕೆ ಸಿಕ್ಕು ಬಿತ್ತು, ಬಿಡಿಸಲಿಲ್ಲ. ಕೆಳಗಿಳಿದು ಅಂಗಡಿಯ ಬಾಗಿಲು ತೆಗೆಸಿ ಗಾದಿಯ ಮೇಲೆ ಕುಳಿತೆ. ಈರಣ್ಣ ಬಂದವನು ಪಾವಟಿಗೆಯ ಮೇಲೆಯೇ ನಿಂತುಬಿಟ್ಟ.

"ಇವತ್ತ ನೀವು ಏಳತೀರಿ ಅನ್ಕೊಂಡಿರಲಿಲ್ರಿ ವೈನಿ."

"ಅದಕ್ಕ ನಿನ್ನೆ ಹೊರಳಿದ್ದಪಾ" ಎಂದೆ.